ಐಲ್ ರಾಯಲ್‌ಗೆ ಯಾವ ದಡದಿಂದ ಹೊರಡೋದು?

ಅಮೆರಿಕದ ನ್ಯಾಷನಲ್ ಪಾರ್ಕ್ ಆಗಿರೋ ಐಲ್ ರಾಯಲ್ ದ್ವೀಪಕ್ಕೆ ಹೋಗೋಣ ಅಂತ ಮನಸ್ಸು ಮಾಡಿದವರು ಮೊದಲು ಕೇಳೋದು "ಅಲ್ಲಿ ನೋಡೋಕೆ ಏನೇನಿದೆ?" ಅಂತ. ನಾನೂ ಅದನ್ನೇ ಕೇಳಿದ್ದೆ. ಎರಡು ಸಲ ಹೋಗಿ ಬಂದ ಮೇಲೆ ಗೊತ್ತಾಗಿದ್ದು, ಮೊದಲು ತೀರ್ಮಾನ ಆಗಬೇಕಾದ್ದು ಬೇರೆಯೇ ಇದೆ: ಯಾವ ಊರಿನಲ್ಲಿ ಕಾರು ನಿಲ್ಲಿಸಿ ಯಾವ ಹಡಗು ಹತ್ತುತ್ತೀರಿ? ಅದೊಂದು ಗೊತ್ತಾದರೆ ನಡೆಯೋ ದಾರಿ, ಮಲಗೋ ಜಾಗ, ಹೊರೋ ಭಾರ ಎಲ್ಲವೂ ತಾನಾಗಿ ಗೊತ್ತಾಗುತ್ತೆ.

ಭೂಪಟ ತೆಗೆದು ನೋಡಿ. ಲೇಕ್ ಸುಪೀರಿಯರ್‌ನ ವಾಯವ್ಯ ಮೂಲೆಯಲ್ಲಿ ಓರೆಯಾಗಿ ಬಿದ್ದಿರೋ ಉದ್ದನೆಯ ಕಡ್ಡಿಯಂಥ ದ್ವೀಪ ಅದು. ಉದ್ದ ಸುಮಾರು 45 ಮೈಲಿ, ಅಗಲ ಹೆಚ್ಚೆಂದರೆ 9 ಮೈಲಿ. ಸುತ್ತ ನಾನೂರಕ್ಕೂ ಹೆಚ್ಚು ಮರಿದ್ವೀಪಗಳು. ಕಾಗದದ ಮೇಲೆ ಮಿಷಿಗನ್ ರಾಜ್ಯಕ್ಕೆ ಸೇರಿದ್ದು, ಆದರೆ ಮಿಷಿಗನ್ ದಡ ಐವತ್ತು ಮೈಲಿಗೂ ಆಚೆ. ಮಿನೆಸೋಟ, ಕೆನಡಾ ದಡಗಳು ಹದಿನೈದು–ಇಪ್ಪತ್ತು ಮೈಲಿಯಲ್ಲೇ ಇವೆ. ಒಳಗೆ ರಸ್ತೆ ಇಲ್ಲ, ಕಾರಿಲ್ಲ, ಸೈಕಲ್ಲಿಗೂ ಅನುಮತಿ ಇಲ್ಲ. ಈ ಮನೆಗೆ ಎರಡೇ ಬಾಗಿಲು. ಪೂರ್ವದ ತುದಿಯಲ್ಲಿ ರಾಕ್ ಹಾರ್ಬರ್, ಪಶ್ಚಿಮದ ತುದಿಯಲ್ಲಿ ವಿಂಡಿಗೋ. ನಡುವೆ ನಲವತ್ತು ಮೈಲಿಗೂ ಮಿಕ್ಕಿದ ಕಾಡು, ಬಂಡೆ, ಜೌಗು. ರೂಮು ರಾಕ್ ಹಾರ್ಬರ್‌ನಲ್ಲಿ ಕಾದಿರಿಸಿ, ಟಿಕೆಟ್ ವಿಂಡಿಗೋಗೆ ತೆಗೆದುಕೊಂಡರೆ ರೂಮು ತಲುಪೋಕೆ ನಾಲ್ಕು ದಿನ ನಡೀಬೇಕು. ತಮಾಷೆಗೆ ಹೇಳ್ತಿಲ್ಲ, ಹೀಗೆ ಕಾದಿರಿಸಿಕೊಂಡವರನ್ನು ಕಂಡಿದ್ದೇನೆ.

ಇನ್ನೊಂದು ಮಾತು. ಲೇಕ್ ಅಂದ ತಕ್ಷಣ ನಮ್ಮ ತಲೆಯಲ್ಲಿ ಬರೋದು ಕೆರೆ, ಅದರ ಏರಿ, ಒಂದಿಷ್ಟು ಬೆಳ್ಳಕ್ಕಿ. ಸುಪೀರಿಯರ್ ಹಾಗಲ್ಲ. ಆಚೆ ದಡ ಕಾಣಲ್ಲ, ಉಪ್ಪಿಲ್ಲ ಅನ್ನೋದು ಬಿಟ್ಟರೆ ಸಮುದ್ರವೇ. ಬೇಸಿಗೆಯ ನಡುವೆಯೂ ಕಾಲಿಟ್ಟರೆ ಮೂಳೆ ಜುಮ್ಮೆನ್ನುವಷ್ಟು ತಣ್ಣಗಿರುತ್ತೆ. ಗಾಳಿ ಎದ್ದರೆ ಹಡಗೂ ನಿಲ್ಲುತ್ತೆ, ಮಂಜು ಇಳಿದರೆ ವಿಮಾನವೂ ನಿಲ್ಲುತ್ತೆ. ಅದಕ್ಕೇ ಯಾವ ದಾರಿ ಹಿಡಿದರೂ ರಜೆಯಲ್ಲಿ ಒಂದು ದಿನ ಕೈಯಲ್ಲಿ ಉಳಿಸಿಕೊಳ್ಳಿ. ಭಾನುವಾರ ದ್ವೀಪದಿಂದ ಹೊರಟು ಸೋಮವಾರ ಬೆಳಿಗ್ಗೆ ಮೀಟಿಂಗ್ ಅಂದುಕೊಂಡು ಬರಬೇಡಿ.

ಹೋಗೋ ದಾರಿಗಳು

ಮಿಷಿಗನ್ ಕಡೆಯ ಹೌಟನ್‌ನಿಂದ ಹೊರಡೋದು ರೇಂಜರ್ 3. ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಸ್ವಂತ ಹಡಗು, 165 ಅಡಿ ಉದ್ದ, 1958ರಲ್ಲಿ ಕಟ್ಟಿದ್ದು. ರಾಕ್ ಹಾರ್ಬರ್ ತಲುಪೋಕೆ ಸುಮಾರು ಆರು ಗಂಟೆ. ನಿಧಾನ ಅನ್ನಿಸಬಹುದು, ಆದರೆ ಮೊದಲ ಭಾಗ ಊರ ನಡುವಿನ ಕಾಲುವೆಯಲ್ಲೇ ಸಾಗುತ್ತೆ. ಹೌಟನ್‌ನ ಎತ್ತುಸೇತುವೆಯ ಅಡಿಯಿಂದ ದಾಟಿ, ಎರಡೂ ಬದಿಯ ಮನೆಗಳ ಹಿತ್ತಿಲು ನೋಡುತ್ತಾ ಹೋಗಿ ಕೊನೆಗೆ ತೆರೆದ ನೀರಿಗೆ ಬೀಳ್ತೀರಿ. ದೊಡ್ಡ ಹಡಗಾದ್ದರಿಂದ ಕುಲುಕಾಟವೂ ಕಡಿಮೆ. ಕ್ಯಾಂಪಿಂಗ್ ಪರ್ಮಿಟ್ ಹಡಗಿನಲ್ಲೇ ಪಾರ್ಕಿನ ಸಿಬ್ಬಂದಿಯಾದ ರೇಂಜರ್ ಬರೆದುಕೊಡ್ತಾರೆ. ಮಕ್ಕಳು, ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ನಾನು ಇದನ್ನೇ ಹೇಳೋದು. ತೊಡಕು ಒಂದೇ, ವಾರಕ್ಕೆ ಬೆರಳೆಣಿಕೆಯ ಸಲ ಮಾತ್ರ ಹೊರಡುತ್ತೆ. ಅದರ ದಿನಕ್ಕೆ ನಿಮ್ಮ ರಜೆ ಹೊಂದಿಸಿಕೊಳ್ಳಬೇಕು.

ಕಾಪರ್ ಹಾರ್ಬರ್‌ನಿಂದ ಐಲ್ ರಾಯಲ್ ಕ್ವೀನ್ 4. ಹೌಟನ್‌ನಿಂದ ಇನ್ನೂ ಒಂದು ಗಂಟೆ ಉತ್ತರಕ್ಕೆ, ಕೀವಿನಾ ಪರ್ಯಾಯ ದ್ವೀಪದ ತುತ್ತತುದಿಯ ಊರು. ರಾಕ್ ಹಾರ್ಬರ್‌ಗೆ ಮೂರೂವರೆಯಿಂದ ನಾಲ್ಕು ಗಂಟೆ. ಬೇಸಿಗೆಯ ನಡುವಿನ ವಾರಗಳಲ್ಲಿ ಹೆಚ್ಚಿನ ದಿನ ಓಡುವ ಕಾರಣ ದಿನಾಂಕಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಳಿಗ್ಗೆ ಹೊರಡೋದರಿಂದ ಹಿಂದಿನ ರಾತ್ರಿಯೇ ಆ ಊರು ಸೇರಿರಬೇಕು. ಡೆಟ್ರಾಯಿಟ್ ಕಡೆಯಿಂದ ಹತ್ತು ಗಂಟೆಗೂ ಮೀರಿದ ಡ್ರೈವು, ಷಿಕಾಗೋದಿಂದ ಎಂಟು. ರಾತ್ರಿಯೆಲ್ಲ ಓಡಿಸಿಕೊಂಡು ಬಂದು ನೇರವಾಗಿ ಹಡಗು ಹತ್ತೋ ಸಾಹಸ ಬೇಡ. ನಿದ್ದೆಗೆಟ್ಟ ಹೊಟ್ಟೆಗೆ ಅಲೆ ಬೇಗ ತಗಲುತ್ತೆ.

ಅಲೆ ವಿಷಯಕ್ಕೆ ಬಂದೆ, ಹೇಳಿಬಿಡ್ತೇನೆ. ಯಾವ ಹಡಗು ಅನ್ನೋದು ಬೇಡ, ತಪ್ಪು ಹಡಗಿನದ್ದಲ್ಲ. ನನ್ನ ಮೊದಲ ಪ್ರಯಾಣದಲ್ಲಿ ಬೆಳಗಿನ ತಿಂಡಿಗೆ ಭರ್ಜರಿ ಪೂರಿ-ಸಾಗು ಆಗಿತ್ತು, ಹೋಟೆಲ್ ರೂಮಿನಲ್ಲೇ ಬಿಸಿ ಮಾಡಿಕೊಂಡಿದ್ದು. ದಡ ಕಣ್ಮರೆಯಾಗಿ ಅರ್ಧ ಗಂಟೆಗೆ ಅಲೆ ಅಡ್ಡಡ್ಡ ಹೊಡೆಯೋಕೆ ಶುರುವಾಯ್ತು. ಸಿಬ್ಬಂದಿಯ ಹುಡುಗಿ ಒಂದು ಮಾತೂ ಆಡದೆ ಕಾಗದದ ಚೀಲ ಹಂಚಿಕೊಂಡು ಬಂದಳು, ಮದುವೆ ಮನೆಯಲ್ಲಿ ತಾಂಬೂಲ ಕೊಟ್ಟ ಹಾಗೆ. ಮುಂದಿನದು ಹೇಳಬೇಕಿಲ್ಲ. ಎರಡನೇ ಸಲ ಹತ್ತೋದಕ್ಕೆ ಒಂದು ಗಂಟೆ ಮುಂಚೆ ವಾಕರಿಕೆಯ ಮಾತ್ರೆ, ತಿಂಡಿಗೆ ಒಣ ಬ್ರೆಡ್ಡು, ಕೂರೋದು ಹಡಗಿನ ಹಿಂಭಾಗದಲ್ಲಿ ಹೊರಗೆ, ಕಣ್ಣು ದಿಗಂತದ ಮೇಲೆ. ಏನೂ ಆಗಲಿಲ್ಲ. ಮೊಬೈಲ್ ನೋಡುತ್ತಾ ಒಳಗೆ ಕೂತವರ ಕಥೆ ಬೇರೆ.

ಮೂರನೆಯದು ಮಿನೆಸೋಟ ಕಡೆಯಿಂದ. ಮಿನಿಯಾಪೊಲಿಸ್‌ನಿಂದ ಐದು ಗಂಟೆ ಕಾರು ಓಡಿಸಿದರೆ ಗ್ರ್ಯಾಂಡ್ ಪೋರ್ಟೇಜ್, ಮೂಲನಿವಾಸಿಗಳಾದ ಓಜಿಬ್ವೆ ಜನರ ನೆಲ. ಅವರ ಭಾಷೆಯಲ್ಲಿ ಈ ದ್ವೀಪ ಮಿನಾಂಗ್. ಅಲ್ಲಿಂದ ವಾಯೇಜರ್ 2 ಎರಡು ಗಂಟೆಯಲ್ಲಿ ವಿಂಡಿಗೋಗೆ ಇಳಿಸುತ್ತೆ. ನನಗೆ ಮೂರರಲ್ಲೂ ಹೆಚ್ಚು ಮೆಚ್ಚಿಗೆಯಾದದ್ದು ಈ ಪುಟ್ಟ ಹಡಗು, ಯಾಕೆಂದರೆ ಅದು ವಿಂಡಿಗೋದಲ್ಲೇ ಪ್ರಯಾಣ ಮುಗಿಸಲ್ಲ. ಟಪಾಲು ಬಸ್ಸಿನ ಹಾಗೆ ದ್ವೀಪವನ್ನು ಸುತ್ತು ಹಾಕುತ್ತೆ. ಉತ್ತರದ ದಡದ ಮಕಾರ್ಗೋ ಕೋವ್, ಬೆಲ್ ಐಲ್‌ಗಳಲ್ಲಿ ಕೇಳಿದವರನ್ನು ಇಳಿಸಿ, ಸಂಜೆ ರಾಕ್ ಹಾರ್ಬರ್‌ನಲ್ಲಿ ತಂಗಿ, ಮರುದಿನ ದಕ್ಷಿಣದ ಡೈಸಿ ಫಾರ್ಮ್, ಚಿಪ್ಪೆವಾ ಹಾರ್ಬರ್, ಮಲೋನ್ ಬೇ ಮುಟ್ಟಿಕೊಂಡು ವಾಪಸ್ಸು. ಅಂದರೆ ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಬಹುದು, ಹೋದ ದಾರಿಯಲ್ಲೇ ಮರಳಿ ನಡೆಯೋ ಬೇಸರ ಇಲ್ಲ. ದ್ವೀಪದ ಬೆನ್ನೆಲುಬಿನ ಮೇಲೆ ಹೋಗುವ ಗ್ರೀನ್‌ಸ್ಟೋನ್ ರಿಡ್ಜ್ ದಾರಿಯನ್ನು ಪೂರ್ತಿ ನಡೆಯೋರಿಗೆ ಇದಕ್ಕಿಂತ ಅನುಕೂಲ ಇಲ್ಲ. ಮುಂಚೆಯೇ ಹೇಳಿ ಕಾದಿರಿಸಿದ ಜಾಗದಲ್ಲಿ ಮಾತ್ರ ಅದು ನಿಮ್ಮನ್ನು ಹತ್ತಿಸಿಕೊಳ್ಳೋದು, ಕೈ ಅಡ್ಡ ಹಿಡಿದರೆ ಆಗಲ್ಲ.

ವಿಂಡಿಗೋ ಮುಟ್ಟುವ ಮುನ್ನ ವಾಷಿಂಗ್ಟನ್ ಹಾರ್ಬರ್ ಕೊಲ್ಲಿಯ ಬಾಯಲ್ಲಿ ಹಡಗು ನಿಧಾನವಾಗುತ್ತೆ. ಅಲ್ಲಿ ಎಲ್ಲರೂ ಒಂದೇ ಬದಿಗೆ ಬಾಗಿ ನೋಡ್ತಾರೆ. 1928ರಲ್ಲಿ ಮುಳುಗಿದ ಅಮೆರಿಕ ಎಂಬ ಹಡಗಿನ ಮೂತಿ ನೀರಿನ ಕೆಳಗೆ ಕೆಲವೇ ಅಡಿಯಲ್ಲಿದೆ. ಮೊದಲು ಹಸಿರು ನೆರಳು, ಆಮೇಲೆ ಅದಕ್ಕೊಂದು ಅಂಚು, ಆ ಅಂಚು ಕೆಳಗೆ ಕೆಳಗೆ ಇಳಿದು ಕಪ್ಪಿನಲ್ಲಿ ಮಾಯ. ಮೇಲೆ ನಿಂತ ನಮ್ಮ ಹಡಗಿನ ಎಂಜಿನ್ನಿನ ಗುರುಗುಟ್ಟುವಿಕೆ ಬಿಟ್ಟರೆ ಸದ್ದಿಲ್ಲ. ರಾಕ್ ಹಾರ್ಬರ್ ಕಡೆಯಿಂದ ಹೋದವರಿಗೆ ಇದು ಸಿಗಲ್ಲ.

ಗ್ರ್ಯಾಂಡ್ ಪೋರ್ಟೇಜ್‌ನಿಂದಲೇ ಸೀ ಹಂಟರ್ 3 ಅನ್ನೋ ಇನ್ನೊಂದು ಹಡಗು ಬೆಳಿಗ್ಗೆ ಹೋಗಿ ಸಂಜೆ ಬರುತ್ತೆ. ಕ್ವೀನ್‌ನಲ್ಲೂ ಹೀಗೆ ಒಂದೇ ದಿನದಲ್ಲಿ ಹೋಗಿ ಬರಬಹುದು, ಅಲ್ಲಿ ಏಳೆಂಟು ಗಂಟೆ ನೀರಿನ ಮೇಲೆ, ಮೂರು ಗಂಟೆ ನೆಲದ ಮೇಲೆ. ನ್ಯಾಷನಲ್ ಪಾರ್ಕ್ ಪಾಸ್‌ಪೋರ್ಟ್ ಅನ್ನೋ ನೆನಪಿನ ಪುಸ್ತಕಕ್ಕೆ ಹೋದ ಪಾರ್ಕಿನ ಮುದ್ರೆ ಒತ್ತಿಸಿಕೊಳ್ಳೋ ಹುಚ್ಚಿದ್ದವರಿಗೆ ಸಾಕು. ಉಳಿದವರು ಅದೇ ದುಡ್ಡಿಗೆ ಇನ್ನೆರಡು ರಾತ್ರಿ ಸೇರಿಸಿಕೊಳ್ಳಿ ಅನ್ನೋದು ನನ್ನ ವಾದ. ಒಂದೇ ದಿನ ಇರೋದಾದರೆ ಗ್ರ್ಯಾಂಡ್ ಪೋರ್ಟೇಜ್ ಕಡೆಯಿಂದ ಹೋಗಿ, ಹಡಗಿನಲ್ಲಿ ಕಳೆಯೋ ಹೊತ್ತು ಅರ್ಧಕ್ಕರ್ಧ ಕಡಿಮೆ.

ಇನ್ನುಳಿದದ್ದು ನೀರಿನ ಮೇಲೆ ಇಳಿಯೋ ಸಣ್ಣ ವಿಮಾನ. ಮಿಷಿಗನ್‌ನ ಹ್ಯಾನ್‌ಕಾಕ್‌ನಿಂದಲೂ ಮಿನೆಸೋಟದ ಗ್ರ್ಯಾಂಡ್ ಮರೆಯಿಂದಲೂ ಇದೆ, ಮುಕ್ಕಾಲು ಗಂಟೆಯೊಳಗೆ ಮುಟ್ಟಿಸುತ್ತೆ, ಎರಡೂ ಬಾಗಿಲಿಗೆ ಹೋಗುತ್ತೆ. ಎಲ್ಲಕ್ಕಿಂತ ದುಬಾರಿ. ಸಾಮಾನನ್ನು ತೂಗಿ ನೋಡ್ತಾರೆ, ಸ್ಟೌವಿನ ಇಂಧನ ಹತ್ತಿಸೋ ಹಾಗೇ ಇಲ್ಲ. ದ್ವೀಪಕ್ಕೆ ಇಳಿದ ಮೇಲೆ ಅಂಗಡಿಯಲ್ಲಿ ಕೊಳ್ಳಬೇಕು. ಸಮುದ್ರವ್ಯಾಧಿಯ ಭಯ ಇರೋರು ಇದನ್ನೇ ಹಿಡಿಯಲಿ, ಆದರೆ ಮಂಜು ಕವಿದ ಬೆಳಿಗ್ಗೆ ದಡದಲ್ಲಿ ಕೂತು ಆಕಾಶ ನೋಡೋ ತಾಳ್ಮೆಯೂ ಇರಲಿ.

ರಾಕ್ ಹಾರ್ಬರ್ ಮೇಲೋ, ವಿಂಡಿಗೋ ಮೇಲೋ

ಸೌಕರ್ಯ ಬೇಕಾದವರಿಗೆ ಪೂರ್ವ. ದ್ವೀಪದ ಒಂದೇ ಒಂದು ಲಾಡ್ಜ್ ರಾಕ್ ಹಾರ್ಬರ್‌ನಲ್ಲಿದೆ. ಊಟದ ಮನೆ, ಅಂಗಡಿ, ಕಾಸು ಕೊಟ್ಟರೆ ಬಿಸಿನೀರಿನ ಸ್ನಾನ, ಬಾಡಿಗೆಗೆ ದೋಣಿ ಎಲ್ಲ ಉಂಟು. ನಡೆಯೋಕೆ ಸ್ಕೋವಿಲ್ ಪಾಯಿಂಟ್‌ನ ಸುತ್ತು ದಾರಿ, ನಾಲ್ಕು ಮೈಲಿಯಷ್ಟು. ಒಂದು ಬದಿ ತೆರೆದ ಸುಪೀರಿಯರ್, ಇನ್ನೊಂದು ಬದಿ ಟೋಬಿನ್ ಹಾರ್ಬರ್‌ನ ತಣ್ಣನೆಯ ಕೊಲ್ಲಿ, ನಡುವೆ ಬೆರಳಿನಂಥ ಕಲ್ಲುನೆಲ. ಹತ್ತು ವರ್ಷದ ಮಕ್ಕಳೂ ಆರಾಮಾಗಿ ಮುಗಿಸ್ತಾರೆ. ಲಾಡ್ಜಿನ ಪುಟ್ಟ ದೋಣಿಯಲ್ಲಿ ಹಳೆಯ ಎಡಿಸನ್ ಮೀನುಗಾರಿಕೆ ನೆಲೆಗೆ, 1855ರ ದೀಪಸ್ತಂಭದ ಬಳಿಗೆ ಹೋಗಿ ಬರಬಹುದು. ನೋಟದ ವಿಷಯಕ್ಕೆ ಬಂದರೆ ಪೂರ್ವದ ತುದಿಯೇ ಗೆಲ್ಲೋದು, ಅದರಲ್ಲಿ ಎರಡು ಮಾತಿಲ್ಲ.

ವಿಂಡಿಗೋದಲ್ಲಿ ಲಾಡ್ಜಿಲ್ಲ, ಊಟದ ಮನೆಯೂ ಇಲ್ಲ. ಒಂದು ಅಂಗಡಿ, ರೇಂಜರ್ ಕಚೇರಿ, ಬಾಡಿಗೆಗೆ ಒಂದೆರಡು ಮರದ ಕ್ಯಾಬಿನ್ನು, ಹತ್ತು ನಿಮಿಷದ ನಡಿಗೆಯಲ್ಲಿ ವಾಷಿಂಗ್ಟನ್ ಕ್ರೀಕ್ ಕ್ಯಾಂಪ್. ಆದರೆ ಮೂಸ್ ಅನ್ನೋ ದೈತ್ಯ ಜಿಂಕೆ ನೋಡಬೇಕು ಅಂದರೆ ನಾನು ಕಳಿಸೋದು ಇಲ್ಲಿಗೇ. ನಮ್ಮ ಶೆಲ್ಟರ್ ಹಳ್ಳದ ಕಡೆಗೆ ಮುಖ ಮಾಡಿತ್ತು. ಮೂರು ಕಡೆ ಹಲಗೆ, ಎದುರಿಗೆ ಸೊಳ್ಳೆಜಾಲರಿ, ಅಷ್ಟೇ ಅದರ ವೈಭವ. ಕತ್ತಲಾಗೋ ಹೊತ್ತಿಗೆ ನೀರಿನಲ್ಲಿ ಯಾರೋ ಬಕೆಟ್ ಮುಳುಗಿಸಿ ಎತ್ತಿದ ಹಾಗೆ ಸದ್ದು. ಜಾಲರಿಗೆ ಮೂಗು ಒತ್ತಿ ನೋಡಿದರೆ ಹೆಣ್ಣು ಮೂಸ್, ಎಮ್ಮೆಗಿಂತ ಎತ್ತರ, ಮೊಣಕಾಲಿನವರೆಗೆ ನೀರಲ್ಲಿ ನಿಂತು ತಲೆ ಮುಳುಗಿಸಿ ಜೊಂಡು ಕಿತ್ತು ತಿಂತಿತ್ತು. ತಲೆ ಎತ್ತಿದಾಗ ಕಿವಿಯ ಎರಡೂ ಬದಿಯಿಂದ ನೀರು ಧಾರೆಯಾಗಿ ಸುರಿಯೋದು. ಇಪ್ಪತ್ತು ನಿಮಿಷ ನಾವಾಗಲಿ ಪಕ್ಕದ ಶೆಲ್ಟರ್‌ನವರಾಗಲಿ ಉಸಿರೆತ್ತಲಿಲ್ಲ. ಜೂನ್‌ನಲ್ಲಿ ಮರಿ ಜೊತೆಗಿರೋ ತಾಯಿ, ಸೆಪ್ಟೆಂಬರ್ ಕೊನೆಗೆ ಮದವೇರಿದ ಗಂಡು, ಈ ಎರಡರಿಂದಲೂ ದೂರ ಇರಿ. ದ್ವೀಪದಲ್ಲಿ ಕರಡಿ ಇಲ್ಲ, ಹೆದರಬೇಕಾದ್ದು ಮೂಸ್‌ಗೇ.

ತೋಳ? ತೋಳ ನೋಡ್ತೀವಿ ಅಂದುಕೊಂಡು ಹೋಗಬೇಡಿ. ಹೆಜ್ಜೆ ಗುರುತು ಕಂಡರೆ ಅದೃಷ್ಟ. ಆದರೆ ತೋಳದ ಕಥೆ ತಿಳಿದು ಹೋದರೆ ಕಾಡು ಬೇರೆಯಾಗಿ ಕಾಣುತ್ತೆ. ಮೂಸ್‌ಗಳು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬಂದವು, ತೋಳಗಳು ನಲವತ್ತರ ದಶಕದ ಕೊನೆಗೆ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದುಕೊಂಡು. 1958ರಿಂದ ಎರಡರ ಲೆಕ್ಕವೂ ನಡೀತಿದೆ, ಈಗ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದವರು ನಡೆಸ್ತಾರೆ. ಎಂಬತ್ತರ ದಶಕದ ಶುರುವಿನಲ್ಲಿ ನಾಯಿಗಳ ಪಾರ್ವೊ ರೋಗ ತಗುಲಿ ತೋಳಗಳು ಕುಸಿದವು. ಅದಕ್ಕೇ ಇವತ್ತಿಗೂ ಸಾಕುನಾಯಿ ದ್ವೀಪಕ್ಕೆ ಬರೋ ಹಾಗಿಲ್ಲ, ನೀವು ಹಡಗಿನಲ್ಲೇ ಬಿಟ್ಟಿರ್ತೀನಿ ಅಂದರೂ ಇಲ್ಲ. ಹಿಮಸೇತುವೆ ಅಪರೂಪವಾಗಿ ಹೊಸ ರಕ್ತ ಬರೋದು ನಿಂತು, 2016ರ ಹೊತ್ತಿಗೆ ಉಳಿದದ್ದು ಎರಡೇ ತೋಳ. 2018–19ರಲ್ಲಿ ಹೊರಗಿನಿಂದ ಹತ್ತೊಂಬತ್ತನ್ನು ತಂದು ಬಿಟ್ಟರು. 2024ರ ಚಳಿಗಾಲದ ಎಣಿಕೆಯಲ್ಲಿ 30 ತೋಳ, ಸುಮಾರು 840 ಮೂಸ್. 2019ರಲ್ಲಿ ಮೂಸ್ ಎರಡು ಸಾವಿರಕ್ಕೂ ಹೆಚ್ಚಿದ್ದವು. ದಾರಿ ಬದಿಯ ಎಳೆಯ ಫರ್ ಮರಗಳು ಒಂದೇ ಎತ್ತರಕ್ಕೆ ಕತ್ತರಿ ಹಾಕಿದ ಹಾಗೆ ಕಂಡರೆ, ಕತ್ತರಿ ಯಾರದ್ದು ಅಂತ ಗೊತ್ತಾಯ್ತಲ್ಲ.

ಮಲಗೋದೆಲ್ಲಿ

ಲಾಡ್ಜ್ ಬೇಕು ಅನ್ನೋರು ಚಳಿಗಾಲದಲ್ಲೇ ಕಾದಿರಿಸಿ, ಅದು ತೆರೆದಿರೋದು ಬೇಸಿಗೆಯ ಮೂರು ತಿಂಗಳ ಆಸುಪಾಸು ಮಾತ್ರ. ಟೆಂಟಿನವರಿಗೆ 36 ಕ್ಯಾಂಪ್‌ಗ್ರೌಂಡ್‌ಗಳಿವೆ. ಆರು ಜನರವರೆಗಿನ ಗುಂಪಿಗೆ ಮುಂಗಡ ಬೇಕಿಲ್ಲ, ಜಾಗಕ್ಕೆ ಬೇರೆ ಬಾಡಿಗೆಯೂ ಇಲ್ಲ. ಪಾರ್ಕಿನ ಶುಲ್ಕ ತಲೆಗೆ ದಿನಕ್ಕೆ 7 ಡಾಲರ್, ಹದಿನೈದು ವರ್ಷದವರೆಗಿನ ಮಕ್ಕಳಿಗೆ ಇಲ್ಲ. ಏಳು ಜನರಾದರೆ ಮಾತ್ರ ಮೊದಲೇ ಬರೆದು ಪರ್ಮಿಟ್ ತೆಗೆದುಕೊಳ್ಳಬೇಕು. ನಾವು ಕನ್ನಡ ಕೂಟದವರು ಗುಂಪು ಕಟ್ಟಿದರೆ ಏಳಕ್ಕೆ ನಿಲ್ಲೋದೇ ಇಲ್ಲ, ಆದ್ದರಿಂದ ಹೇಳ್ತಿದ್ದೇನೆ. ಎರಡು ಕಾರಿನ ಜನ ಎರಡು ಪರ್ಮಿಟ್ ಮಾಡಿಸಿ ಒಂದೇ ಜಾಗದಲ್ಲಿ ಉಳಿಯೋ ಜಾಣತನವನ್ನು ರೇಂಜರ್‌ಗಳು ಒಪ್ಪಲ್ಲ.

ಗೊತ್ತಿಲ್ಲದೆ ಎಡವೋ ಜಾಗ ಒಂದಿದೆ. ರಾಕ್ ಹಾರ್ಬರ್ ಕ್ಯಾಂಪಿನಲ್ಲಿ ಬೇಸಿಗೆ ಕಾಲದಲ್ಲಿ ಒಂದೇ ರಾತ್ರಿ ಇರಬಹುದು. ಅಲ್ಲೇ ಟೆಂಟ್ ಹೊಡೆದು ಮೂರು ದಿನ ಸುತ್ತಾಡೋ ಯೋಜನೆ ನಡೆಯಲ್ಲ. ಏಳು ಮೈಲಿ ಮುಂದಿನ ಡೈಸಿ ಫಾರ್ಮ್‌ನಲ್ಲಿ ಮೂರು ರಾತ್ರಿ ಇರಬಹುದು, ಅಲ್ಲಿಂದ ಎರಡು ಮೈಲಿಗೂ ಕಡಿಮೆ ಏರಿದರೆ ಮೌಂಟ್ ಒಜಿಬ್ವೇ ಗೋಪುರ, ಎರಡೂ ಬದಿಯ ನೀರು ಕಾಣುತ್ತೆ. ಶೆಲ್ಟರ್‌ಗಳು ಮೊದಲು ಬಂದವರಿಗೆ. ಹಡಗು ಬಂದ ದಿನ ಮಧ್ಯಾಹ್ನ ತುಂಬಿಹೋಗುತ್ತವೆ, ಹಾಗಾಗಿ ಟೆಂಟಂತೂ ಇರಲೇಬೇಕು.

ತಿಂಗಳುಗಳ ಬಗ್ಗೆ ಚುಟುಕಾಗಿ: ಜೂನ್‌ನಲ್ಲಿ ಸೊಳ್ಳೆ, ಕಪ್ಪು ನೊಣ, ಅದರ ಜೊತೆ ಕಾಡು ಆರ್ಕಿಡ್‌ಗಳು. ಜುಲೈ ಕೊನೆಯಿಂದ ಆಗಸ್ಟ್‌ನಲ್ಲಿ ಬ್ಲೂಬೆರಿ, ತಿಂಬಲ್‌ಬೆರಿ, ಜನವೂ ಜಾಸ್ತಿ. ನನ್ನ ಆಯ್ಕೆ ಆಗಸ್ಟ್ ಕೊನೆಯ ವಾರ. ಸೆಪ್ಟೆಂಬರ್‌ನಲ್ಲಿ ಇನ್ನೂ ಚೆಂದ, ಆದರೆ ಮಕ್ಕಳ ಶಾಲೆ ಕೇಳಬೇಕಲ್ಲ. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಪಾರ್ಕಿಗೆ ಬೀಗ.

ಬುತ್ತಿ, ನೀರು

ಲಾಡ್ಜಿನವರು ಈ ಭಾಗ ಬಿಟ್ಟುಬಿಡಿ. ಕಾಡಿನಲ್ಲಿ ಇರೋರಿಗೆ ನಮ್ಮ ಅಡುಗೆಮನೆಯಷ್ಟು ಒದಗೋದು ಯಾವುದೂ ಇಲ್ಲ. ಸಾಹಸದ ಅಂಗಡಿಯಲ್ಲಿ ಮಾರೋ ಒಣಗಿಸಿದ ಊಟದ ಪೊಟ್ಟಣ ಒಂದಕ್ಕೆ ಹತ್ತು–ಹದಿನೈದು ಡಾಲರ್ ಕೊಟ್ಟು ರುಚಿಯಿಲ್ಲದ್ದನ್ನು ತಿನ್ನೋ ಬದಲು, ಹುರಿದ ರವೆಗೆ ಒಗ್ಗರಣೆ ಬೆರೆಸಿ ಜಿಪ್‌ಲಾಕ್ ಚೀಲಕ್ಕೆ ತುಂಬಿದರೆ ಕುದಿನೀರಿಗೆ ಐದು ನಿಮಿಷದಲ್ಲಿ ಉಪ್ಪಿಟ್ಟು. ಅವಲಕ್ಕಿಗೆ ಗೊಜ್ಜಿನ ಪುಡಿ. ಸ್ಟೌ ಹಚ್ಚೋಕೂ ಬೇಸರವಾದ ಮಧ್ಯಾಹ್ನಕ್ಕೆ ಹುರಿಹಿಟ್ಟು, ಬೆಲ್ಲ, ನೀರು. ನನ್ನ ಅಜ್ಜಿ ಬಯಲುಸೀಮೆಯಲ್ಲಿ ಹೊಲಕ್ಕೆ ಕಟ್ಟಿ ಕಳಿಸ್ತಿದ್ದ ಅದೇ ಹಿಟ್ಟನ್ನು ಗ್ರೀನ್‌ಸ್ಟೋನ್ ರಿಡ್ಜ್ ಮೇಲೆ ಕೂತು ಕಲಸಿಕೊಳ್ಳುವಾಗ, ಪಕ್ಕದಲ್ಲಿ ಕೂತ ವಿಸ್ಕಾನ್ಸಿನ್‌ನ ಮುದುಕರೊಬ್ಬರು ಇದೆಲ್ಲಿ ಸಿಗುತ್ತೆ ಅಂತ ಮೂರು ಸಲ ಕೇಳಿದರು. ಸೌದೆ ಉರಿ ನಂಬಿಕೊಂಡು ಹೋಗಬೇಡಿ, ಬೆಂಕಿ ಹಾಕೋಕೆ ಅನುಮತಿ ಇರೋದು ಕೆಲವೇ ಕ್ಯಾಂಪುಗಳಲ್ಲಿ.

ನೀರಿನ ವಿಷಯದಲ್ಲಿ ಮಾತ್ರ ಉಡಾಫೆ ಸಲ್ಲದು. ಎರಡು ಬಾಗಿಲುಗಳಲ್ಲಿ ನಲ್ಲಿ ನೀರಿದೆ. ಉಳಿದೆಡೆ ಸರೋವರದ್ದೋ ಹಳ್ಳದ್ದೋ. ತೋಳ–ಮೂಸ್‌ಗಳ ನಡುವೆ ಓಡಾಡೋ ಲಾಡಿಹುಳುವಿನ ಮೊಟ್ಟೆ ಈ ನೀರಲ್ಲಿರಬಹುದು, ಅದು ಕ್ಲೋರಿನ್, ಅಯೋಡಿನ್ ಮಾತ್ರೆಗಳಿಗೆ ಜಗ್ಗಲ್ಲ. ಕುದಿಸಬೇಕು, ಇಲ್ಲವೇ 0.4 ಮೈಕ್ರಾನ್ ಅಥವಾ ಅದಕ್ಕಿಂತ ಸೂಕ್ಷ್ಮವಾದ ಫಿಲ್ಟರ್ ಬೇಕು. ಒಳನಾಡಿನ ಸಣ್ಣ ಕೆರೆಗಳ ಮೇಲೆ ಬಟಾಣಿ ಸಾರಿನ ಬಣ್ಣದ ಪಾಚಿ ಕಂಡರೆ ಕುದಿಸಿದರೂ ಬೇಡ, ಫಿಲ್ಟರ್ ಮಾಡಿದರೂ ಬೇಡ, ಮುಂದಕ್ಕೆ ನಡೀರಿ.

ಹಾಗಾದರೆ ಯಾರಿಗೆ ಯಾವುದು? ಊರಿನಿಂದ ಬಂದ ಅಪ್ಪ-ಅಮ್ಮ, ಸಣ್ಣ ಮಕ್ಕಳು ಇದ್ದರೆ ಹೌಟನ್, ರೇಂಜರ್ 3, ಲಾಡ್ಜಿನಲ್ಲಿ ಮೂರು ರಾತ್ರಿ. ಗೆಳೆಯರು ನಾಲ್ವರು, ಬೆನ್ನಿಗೆ ಚೀಲ ಹೊತ್ತು ಅಭ್ಯಾಸ ಸ್ವಲ್ಪ ಇದೆ ಅಂದರೆ ಕಾಪರ್ ಹಾರ್ಬರ್‌ನಿಂದ ಹೋಗಿ ಡೈಸಿ ಫಾರ್ಮ್‌ನಲ್ಲಿ ಬೀಡು. ಐದಾರು ದಿನ ಇದೆ, ಮೊಣಕಾಲು ಗಟ್ಟಿ ಇದೆ ಅನ್ನೋರು ಗ್ರ್ಯಾಂಡ್ ಪೋರ್ಟೇಜ್‌ನಿಂದ ವಾಯೇಜರ್‌ನಲ್ಲಿ ಮೊದಲು ರಾಕ್ ಹಾರ್ಬರ್‌ಗೆ ಹೋಗಿ, ವಿಂಡಿಗೋ ಕಡೆಗೆ ನಡೆಯಿರಿ. ಎಲ್ಲರೂ ಉಲ್ಟಾ ಹೇಳ್ತಾರೆ, ಪಶ್ಚಿಮದಿಂದ ಪೂರ್ವಕ್ಕೆ ನಡೆದರೆ ಕೊನೆಯಲ್ಲಿ ಸ್ನಾನ, ಬಿಸಿ ಊಟ ಸಿಗುತ್ತೆ ಅಂತ. ನಿಜವೇ. ಆದರೆ ಹೀಗೆ ಹೋದರೆ ನಡಿಗೆ ಮುಗಿಯೋ ಜಾಗ ಕಾರಿನಿಂದ ಎರಡೇ ಗಂಟೆ ದೂರ, ಕೊನೆಯ ಸಂಜೆ ಹಳ್ಳದ ಬದಿ, ಮೂಸ್ ಎದುರಿಗೆ.

ಹೀಗೆ ಹೋಗೋರಿಗೆ ಗಡಿಯಾರದ ಎಚ್ಚರಿಕೆ: ಗ್ರ್ಯಾಂಡ್ ಪೋರ್ಟೇಜ್‌ನಲ್ಲಿ ಸೆಂಟ್ರಲ್ ಟೈಮ್, ದ್ವೀಪದಲ್ಲಿ ಈಸ್ಟರ್ನ್, ಒಂದು ಗಂಟೆ ಮುಂದೆ. ದ್ವೀಪದಲ್ಲಿ ಫೋನಿಗೆ ಸಿಗ್ನಲ್ ಇಲ್ಲದ ಕಾರಣ ಅದು ಹಳೆಯ ವೇಳೆಯನ್ನೇ ಹಿಡಿದು ಕೂತಿರುತ್ತೆ. ನಾವು ವಾಪಸ್ಸು ಹೊರಡೋ ದಿನ ಇನ್ನೂ ಮುಕ್ಕಾಲು ಗಂಟೆ ಇದೆ ಅಂತ ಆರಾಮಾಗಿ ಎರಡನೇ ಲೋಟ ಕಾಫಿ ಕಾಯಿಸ್ತಿದ್ದೆವು. ಕೊಲ್ಲಿಯಲ್ಲಿ ಹಡಗಿನ ಮೂತಿ ಕಂಡಾಗ ಸಾಮಾನು ಇನ್ನೂ ಕಟ್ಟಿರಲಿಲ್ಲ. ಅದರ ಮೇಲೆ ನನ್ನ ಎಡಗಾಲಿನ ಶೂ ಇಲ್ಲ. ರಾತ್ರಿ ಶೆಲ್ಟರ್ ಹೊರಗೆ ಬಿಟ್ಟಿದ್ದೆ. ಇಲ್ಲಿಯ ನರಿಗಳಿಗೆ ಶೂ ಅಂದರೆ ಪ್ರಾಣ ಅಂತ ಬಂದ ದಿನವೇ ರೇಂಜರ್ ಹೇಳಿದ್ದರು. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ರಬ್ಬರ್ ಚಪ್ಪಲಿ ಹಾಕಿಕೊಂಡು ಹಡಗು ಹತ್ತಿದೆ.